ಹನ್ನೊಂದನೇ ಪದರಿನ ಏಳು ಕಲ್ಲು

ಶಹಾಬಾದಿ ಕಲ್ಲನ್ನು ಮೆಷಿನ್ನಿನಲ್ಲಿ ಕೊಯ್ಯುವಾಗ ಮೇಲೆ ನೀರು ಬಿಡುತ್ತಾರೆ. ಆಗ ಒಂದು ವಾಸನೆ ಏಳುತ್ತದೆ. ಸುಣ್ಣದ್ದೂ ಅಲ್ಲ, ಮಣ್ಣಿನದೂ ಅಲ್ಲ. ಬಹಳ ದಿನ ಮುಚ್ಚಿಟ್ಟ ಬಾವಿಯ ಬಾಯಿ ತೆರೆದ ಹಾಗೆ. ಕಳೆದ ಸೋಮವಾರದಿಂದ ಕಲಬುರಗಿಯ ನನ್ನ ಮನೆಯ ತುಂಬ ಅದೇ ವಾಸನೆ. ಹಿಂದಿನ ವರಾಂಡದ ಹಾಸುಗಲ್ಲುಗಳು ಕಾಲಿಟ್ಟಲ್ಲೆಲ್ಲ ಅಲುಗಾಡುತ್ತಿದ್ದವು. ಈ ವಯಸ್ಸಿನಲ್ಲಿ ಬಿದ್ದರೆ ಹಿಪ್ ಬೋನಿನ ಗತಿ ಏನು ಎಂದು ತಂಗಿಯ ಮಗಳು ಹಟ ಹಿಡಿದು ಮೌಲಾಲಿ ಎಂಬ ಗೌಂಡಿಯನ್ನು ಕರೆಸಿದಳು. ನಡುವಯಸ್ಸಿನ ಮನುಷ್ಯ, ಬಾಯಲ್ಲಿ ಸದಾ ಅಡಿಕೆ. ಅವನು ಮೊದಲನೇ ಕಲ್ಲಿನ ಸಂದಿಗೆ ಹಾರೆ ಕೊಟ್ಟು ಎಬ್ಬಿಸಿದವನೇ ಅದನ್ನು ಧಪ್ ಎಂದು ಬೋರಲು ಹಾಕಿದ.

ನಾನು ಟೀ ಕಪ್ಪು ಕೆಳಗಿಟ್ಟೆ.

"ಯಾಕ ಬೋರಲ ಹಾಕಿದಿ?" ಎಂದೆ.

"ಎಬ್ಬಿಸಿದ ಕಲ್ಲು ಬೋರಲ ಹಾಕ್ಲಿಕ್ಕೇ ಬೇಕ್ರಿ ಅಮ್ಮಾರೆ. ಹೊಟ್ಟಿಗಿ ಹತ್ತಿದ ಮಣ್ಣು ಬಿಸಿಲಿಗಿ ಆರಿದ್ರ ತಾನೇ ಉದುರತದ. ನಮ್ಮಪ್ಪನೂ ಹಿಂಗೇ ಮಾಡ್ತಿದ್ದ, ಅವರಪ್ಪನೂ ಹಿಂಗೇ ಮಾಡ್ತಿದ್ದ."

ಅದು ನನಗೆ ಗೊತ್ತಿತ್ತು. ಇಪ್ಪತ್ತೆರಡನೇ ವಯಸ್ಸಿನಿಂದ ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ.

ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬರುವುದಕ್ಕೆ ಕೆಲವು ವರ್ಷ ಬಾಕಿ. ಅಪ್ಪ ವಾಡಿ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕ್ಲಾರ್ಕ್. ನಾನು ಹೈದರಾಬಾದಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು, ಅಲ್ಲಿನ ಸಿಸ್ಟರುಗಳ ಕೈಯಲ್ಲಿ ಇಂಗ್ಲಿಷ್ ಕಲಿತು, ಬಿ.ಎ. ಮುಗಿಸಿ ಮನೆಗೆ ಮರಳಿದ್ದೆ. ಮರಳಿದ್ದೆ ಎನ್ನುವುದಕ್ಕಿಂತ ಮೂಗು ಮುರಿಯುತ್ತ ಬಂದಿದ್ದೆ ಎನ್ನುವುದು ಸರಿ. ವಾಡಿಯಲ್ಲಿ ಏನಿತ್ತು? ಇಂಜಿನ್ನಿನ ಹೊಗೆ, ಕಲ್ಲಿನ ಪುಡಿ, ರೈಲ್ವೆ ಕ್ವಾರ್ಟರ್ಸಿನ ಕೆಂಪು ಗೋಡೆ. ಅವ್ವ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನನಗೆ ಕಾನ್ವೆಂಟಿನ ಬ್ರೆಡ್ಡಿನ ನೆನಪು ಬರುತ್ತಿತ್ತು. ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಡೈರಿ ಬರೆಯುತ್ತಿದ್ದೆ.

ಆ ವರ್ಷದ ಮಳೆ ನಿಂತು, ಖಣಿಗಳಲ್ಲಿ ತುಂಬಿದ ನೀರನ್ನು ಪಂಪು ಹಚ್ಚಿ ಹೊರಗೆ ಹಾಕುತ್ತಿದ್ದ ದಿನಗಳಲ್ಲಿ ರಾಘವನ್ ಸರ್ ಬಂದರು. ದೂರದ ಒಂದು ಸಂಸ್ಥೆಯ ವಿಜ್ಞಾನಿ. ಬಡಕಲು ದೇಹ, ದಪ್ಪ ಕನ್ನಡಕ, ತಲೆಗೆ ಸೋಲಾ ಹ್ಯಾಟು. ಅವರ ಮರದ ಪೆಟ್ಟಿಗೆಗಳು ಅಪ್ಪನ ಪಾರ್ಸೆಲ್ ಆಫೀಸಿನಲ್ಲೇ ಇಳಿದವು. ಅವರಿಗೆ ಕನ್ನಡ ಬಾರದು, ಉರ್ದು ಬಾರದು. ಇಂಗ್ಲಿಷ್ ಬಲ್ಲ, ಊರ ಮಾತೂ ಬಲ್ಲ ಒಬ್ಬರು ಬೇಕಿತ್ತು. ನೋಟ್ಸ್ ಬರೆಯಲು, ಟೈಪ್ ಮಾಡಲು, ಖಣಿಯವರ ಜೊತೆ ಮಾತಾಡಲು. "ನನ್ನ ಮಗಳಿದ್ದಾಳೆ," ಎಂದರು ಅಪ್ಪ. ಅಷ್ಟು ಹೆಮ್ಮೆಯಿಂದ ಅಪ್ಪ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಮೊದಲ ದಿನ ಖಣಿಯ ದಂಡೆಯ ಬೇವಿನ ಮರದ ಕೆಳಗೆ ಕೂತು ಸರ್ ನನಗೆ ಕೆಲಸ ವಿವರಿಸಿದರು.

"ಸಮುದ್ರದ ತಳಕ್ಕೆ ಕೆಸರು ಇಳಿಯುತ್ತಲೇ ಇರುತ್ತದೆ, ಸುಲೋಚನಾ. ಬಹಳ ನಿಧಾನ. ಆ ಕೆಸರಿನಲ್ಲಿ ಕಬ್ಬಿಣದ ಅಂಶವಿರುವ ಸಣ್ಣ ಕಣಗಳಿರುತ್ತವೆ. ಒಂದೊಂದೂ ಒಂದು ಕಂಪಾಸಿನ ಸೂಜಿ ಅಂದುಕೋ. ಕೆಳಗಿಳಿಯುವಾಗ ಆ ಕಾಲಕ್ಕೆ ಉತ್ತರ ಯಾವ ಕಡೆ ಇತ್ತೋ ಆ ಕಡೆ ಮುಖ ಮಾಡಿ ಮಲಗುತ್ತವೆ. ಮೇಲೆ ಇನ್ನೊಂದು ಪದರು ಬೀಳುತ್ತದೆ. ಮಲಗಿದ್ದು ಮತ್ತೆ ಹೊರಳುವುದಿಲ್ಲ."

"ಆ ಕಾಲಕ್ಕೆ ಅಂದರೆ? ಉತ್ತರ ಯಾವಾಗಲೂ ಉತ್ತರವೇ ಅಲ್ಲವೇ ಸರ್?"

ಅವರು ಮಗುವಿನ ಹಾಗೆ ನಕ್ಕರು. ಇಲ್ಲವಂತೆ. ಭೂಮಿ ಒಂದು ದೊಡ್ಡ ಅಯಸ್ಕಾಂತ, ಅದರ ತಲೆ ಕಾಲು ಎಷ್ಟೋ ಸಲ ಅದಲುಬದಲಾಗಿವೆಯಂತೆ. ಅಂಥ ಕಾಲದಲ್ಲಿ ಕಂಪಾಸು ಹಿಡಿದಿದ್ದರೆ ಸೂಜಿ ದಕ್ಷಿಣ ತೋರಿಸುತ್ತಿತ್ತು. ಹೊರದೇಶದವರು ಹಡಗಿನಿಂದ ಉದ್ದನೆಯ ಕೊಳವೆ ಇಳಿಸಿ ಸಮುದ್ರತಳದ ಕೆಸರನ್ನು ಕಂಬದ ಹಾಗೆ ಎತ್ತಿ ತರುತ್ತಿದ್ದಾರೆ. ಮೇಲಿನಿಂದ ಕೆಳಕ್ಕೆ ಓದುತ್ತ ಹೋದರೆ ಉತ್ತರ, ಉತ್ತರ, ಉತ್ತರ, ಥಟ್ಟನೆ ದಕ್ಷಿಣ, ಇನ್ನೂ ಕೆಳಗೆ ಮತ್ತೆ ಉತ್ತರ. ಕೆಸರು ಕೂರುವ ವೇಗ ಒಂದು ಅಂದಾಜಿಗೆ ಸಿಕ್ಕಿದೆ. ಲಾವಾ ಆರಿ ಆದ ಕಲ್ಲಿನಲ್ಲೂ ಅದು ಆರಿದ ದಿನದ ದಿಕ್ಕು ಉಳಿದಿರುತ್ತದೆ, ಅದರ ವಯಸ್ಸನ್ನು ಬೇರೆ ರೀತಿಯಿಂದ ತಿಳಿಯಬಹುದು. ಎರಡನ್ನೂ ತಾಳೆ ಹಾಕಿದರೆ ಭೂಮಿ ಯಾವಾಗ ಯಾವಾಗ ಹೊರಳಿತು ಎಂದು ಹೇಳಬಹುದು.

"ರೈಲ್ವೆಯವರ ಮಗಳು ನೀನು. ಟೈಮ್‌ಟೇಬಲ್ ಅಂದುಕೋ. ಪ್ರತಿ ಹೊರಳಾಟವೂ ಒಂದು ಸ್ಟೇಷನ್. ಸ್ಟೇಷನ್ನಿನ ಹೆಸರು ಗೊತ್ತಾದರೆ ಗಾಡಿ ಎಲ್ಲಿದೆ ಅಂತ ಗೊತ್ತಾಗುತ್ತದೆ." ಆಮೇಲೆ ಖಣಿಯ ಕಡೆ ಕೈ ಮಾಡಿದರು. "ನನ್ನ ಬಳಿ ಹಡಗಿಲ್ಲ. ಆದರೆ ನಿಮ್ಮೂರು ತಾನೇ ಒಂದು ಸಮುದ್ರದ ತಳ. ನೀರು ಮಾತ್ರ ಇಲ್ಲ."

ನಾನು ಹುಟ್ಟಿದ ಊರನ್ನು ಮೊದಲ ಸಲ ನೋಡಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಖಣಿ, ಪುಸ್ತಕದ ಹಾಳೆಗಳ ಹಾಗೆ ಪದರು ಪದರು ಬೂದುಗಲ್ಲು. ವಾಡಿಯಲ್ಲಿ ಯಾವುದಾದರೂ ಒಂದು ಪದರು ಹೊರಳಿದ್ದು ಸಿಕ್ಕರೆ ಅದನ್ನೇ ಚಿತ್ತಾಪುರದಲ್ಲಿ, ಸೇಡಂನಲ್ಲಿ ಹುಡುಕುವುದು. ಅಲ್ಲೂ ಸಿಕ್ಕರೆ ಆ ಪದರುಗಳೆಲ್ಲ ಒಂದೇ ಕಾಲದವು ಎಂದಾಗುತ್ತದೆ. ಚಿಂಚೋಳಿ ಗುಡ್ಡದ ಕರಿಕಲ್ಲು ಲಾವಾದ್ದು, ಅದರ ಕತೆ ಬೇರೆ, ಅದು ಕೊನೆಗೆ. ಇದು ಸರ್ ಹಾಕಿದ ಪ್ಲ್ಯಾನು.

ಕಲ್ಲು ಎಬ್ಬಿಸಲು ಖಣಿಯ ಗುತ್ತಿಗೆದಾರ ಸಾಬಣ್ಣನನ್ನು ಕೊಟ್ಟ. ನಲವತ್ತರ ಆಸುಪಾಸು, ಹುಬ್ಬು ರೆಪ್ಪೆಯೆಲ್ಲ ಕಲ್ಲಿನ ಪುಡಿಯಿಂದ ಬೆಳ್ಳಗೆ, ಮಾತಿಗೆ ಮೊದಲು ಎರಡು ಸಲ ಕೆಮ್ಮು. ಅವನ ಹೆಂಡತಿ ಭೀಮಬಾಯಿ ಅದೇ ಖಣಿಯಲ್ಲಿ ಬುಟ್ಟಿ ಹೊರುತ್ತಿದ್ದಳು. ಸರ್ ಹೇಳಿದ್ದನ್ನು ನಾನು ಅವರಿಗೆ ನಮ್ಮ ಮಾತಿನಲ್ಲಿ ಹೇಳಿದಾಗ ಭೀಮಬಾಯಿ ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು.

"ಅಂದ್ರ ಭೂಮಿನೂ ನಮ್ಮ ಮನ್ಯಾಂವನಂಗ ಮಲಗಿದಲ್ಲೇ ಮಗ್ಗಲ ಬದಲಿ ಮಾಡ್ತದೇನ್ರಿ ಬಾಯಿ?"

"ನೀ ಜರಾ ಸುಮ್ಕಿರು," ಎಂದ ಸಾಬಣ್ಣ. "ಸಾಹೇಬ್ರು ಓದಿದವ್ರು ಹೇಳಾಕತ್ತಾರ."

"ಓದಿದವ್ರು ಹೇಳ್ಲಿ ಬಿಡು. ಭೂಮಿ ಹೊಳ್ಳಿದ್ರ ನಮ್ಮ ಒಲಿ ಮ್ಯಾಲಿನ ಗಡಿಗಿ ಯಾಕ ಬೀಳಲಿಲ್ಲ, ಅದನ್ನ ಕೇಳ್ರಿ."

ನಾನು ಅನುವಾದಿಸಿದೆ. ಸರ್ ಬಿದ್ದು ಬಿದ್ದು ನಕ್ಕು, ಇದು ಎಕ್ಸಲೆಂಟ್ ಕ್ವೆಶ್ಚನ್ ಎಂದರು. ಭೂಮಿ ಹೊರಳುವುದಿಲ್ಲ, ಅದರ ಒಳಗಿನ ಅಯಸ್ಕಾಂತ ಮಾತ್ರ ಎಂದು ಹೇಳಿಸಿದರು. ಆದರೆ ಖಣಿಯಲ್ಲಿ "ಭೂಮಿ ಹೊಳ್ಳಿದ್ದು ಹುಡುಕೋ ಸಾಹೇಬ್ರು" ಎಂಬ ಹೆಸರೇ ನಿಂತಿತು.

ಸಾಬಣ್ಣನಿಗೆ ಓದು ಬರಹ ಇರಲಿಲ್ಲ. ಆದರೆ ಆ ಖಣಿಯ ಹತ್ತೊಂಬತ್ತು ಪದರುಗಳನ್ನೂ ಸುತ್ತಿಗೆಯ ಸದ್ದಿನಿಂದಲೇ ಗುರುತಿಸುತ್ತಿದ್ದ. ಐದನೆಯದು ಗಂಟೆಯ ಹಾಗೆ ಕೇಳುತ್ತಿತ್ತು. ಹನ್ನೊಂದನೆಯದನ್ನು ಅವನು ಮೂಕ ಪದರು ಎನ್ನುತ್ತಿದ್ದ. ಹೊಡೆದರೆ ಸದ್ದು ಒಳಗೇ ಉಳಿಯುತ್ತಿತ್ತು. ಕಲ್ಲಿಗೆ ಬೆನ್ನು ಬೇರೆ, ಹೊಟ್ಟೆ ಬೇರೆ ಎಂದು ಕಲಿಸಿದವನೂ ಅವನೇ. ಮೇಲಿನ ಮೈ ಬೆನ್ನು, ಕೆಳಗಿನ ಮೈ ಹೊಟ್ಟೆ. ಬೆನ್ನು ಮೇಲಾಗಿ ಹಾಸಿದರೆ ನೂರು ವರ್ಷ ಬಾಳುತ್ತದೆ, ಹೊಟ್ಟೆ ಮೇಲಾದರೆ ನಾಲ್ಕು ಮಳೆಗೆ ಸಿಪ್ಪೆ ಏಳುತ್ತದೆ. ಅದಕ್ಕೇ ಎಬ್ಬಿಸಿದ ಕಲ್ಲನ್ನು ಬೋರಲು ಹಾಕಿದ ಕೂಡಲೇ ಹೊಟ್ಟೆಯ ಮೇಲೆ ಚಾಣದಿಂದ ಎರಡು ಏಟು ಹಾಕುತ್ತಿದ್ದ, ಹಕ್ಕಿಯ ಹೆಜ್ಜೆಯ ಹಾಗೆ.

"ಇದು ಯಾರಿಗೆ?" ಎಂದು ಕೇಳಿದ್ದೆ.

"ಬೊಂಬಾಯದಾಗಿನ ಗೌಂಡಿಗ್ರಿ. ಅವ ನನಗ ಎಲ್ಲಿ ಕೇಳಾಕ ಬರ್ತಾನ? ಈ ಗುರ್ತು ನೋಡಿ ತಿಳಕೋತಾನ. ನೀವು ಕಾಗದ ಬರೀತೀರಿ, ನಾ ಇದು ಬರೀತೀನಿ."

ಸರ್ ಹಾಕಿದ ರೂಲು ಒಂದೇ: ಮೊದಲು ಬಾಣ, ಆಮೇಲೆ ಹಾರೆ. ಕಲ್ಲು ತನ್ನ ಜಾಗದಲ್ಲಿ ಇರುವಾಗಲೇ ನಾನು ಖಣಿಗೆ ಇಳಿದು, ಹಾರೆ ಸುತ್ತಿಗೆಗಳನ್ನು ದೂರ ಇಡಿಸಿ, ಬೆನ್ನಿನ ಮೇಲೆ ಕಂಪಾಸು ಇಟ್ಟು ಉತ್ತರಕ್ಕೆ ಕೆಂಪು ಬಣ್ಣದ ಬಾಣ ಬರೆಯಬೇಕು. ನೋಟ್‌ಬುಕ್ಕಿನಲ್ಲಿ ಪದರು, ನಂಬರು ಬರೆದು ಎದುರಿಗೆ "ಇನ್ ಸಿಟು" ಎಂದು ಹಾಕಬೇಕು. ಕಲ್ಲು ಹುಟ್ಟಿದ ಜಾಗದಲ್ಲೇ ಇದ್ದಾಗ ಗುರುತು ಮಾಡಿದ್ದು ಎಂದು ಅದರ ಅರ್ಥ. ಆ ಮೇಲೆ ಸಾಬಣ್ಣನ ಸರದಿ. ಎತ್ತಿದ ಕಲ್ಲು ಯಾವ ದಿಕ್ಕಿಗಿತ್ತು, ಯಾವ ಮೈ ಮೇಲಿತ್ತು ಎಂದು ಜಗತ್ತಿನಲ್ಲಿ ಯಾವ ಮೆಷಿನ್ನೂ ಹೇಳಲಾರದು. ಬಾಣ ಮಾತ್ರ ಹೇಳುತ್ತದೆ. "ದಿ ಆರೋ ಈಸ್ ದಿ ವಿಟ್ನೆಸ್," ಎನ್ನುತ್ತಿದ್ದರು ಸರ್.

ಎರಡು ತಿಂಗಳು ಕೆಲಸ ಸರಾಗವಾಗಿ ನಡೆಯಿತು. ಸರ್‌ಗೆ ಸಾಬಣ್ಣನ ಮೇಲೆ ಎಷ್ಟು ಪ್ರೀತಿ ಬಂತೆಂದರೆ ತಮ್ಮ ಸಂಸ್ಥೆಯಲ್ಲಿ ಫೀಲ್ಡ್ ಅಟೆಂಡರ್ ಕೆಲಸಕ್ಕೆ ಅವನನ್ನು ತೆಗೆದುಕೊಳ್ಳಬೇಕೆಂದು ಶಿಫಾರಸು ಪತ್ರ ಹೇಳಿ ಬರೆಸಿದರು. ಪರ್ಮನೆಂಟ್ ಕೆಲಸ. ಕಲ್ಲುಗಳಿಗೆ ನಂಬರು ಹಾಕಿ ಅಟ್ಟಣಿಗೆಯಲ್ಲಿ ಜೋಡಿಸುವುದು, ವರ್ಷಕ್ಕೆ ಕೆಲವು ತಿಂಗಳು ಊರೂರು ತಿರುಗುವುದು. ಸೀಸನ್ ಮುಗಿದ ಮೇಲೆ ರಿಪೋರ್ಟಿನ ಜೊತೆ ಕಳಿಸುವುದೆಂದಿತ್ತು. ಟೈಪ್ ಮಾಡಿದವಳು ನಾನೇ, ಕಾರ್ಬನ್ ಕಾಪಿ ಸಮೇತ. ಸುದ್ದಿ ಹೇಳಿದಾಗ ಸಾಬಣ್ಣ ಎರಡು ಸಲ ಕೆಮ್ಮಿದ. ಭೀಮಬಾಯಿ ಮಾತ್ರ ನನ್ನ ಎರಡೂ ಕೈ ಹಿಡಿದುಕೊಂಡಳು.

"ಬಾಯಿ, ನೆರಳಾಗ ಕುಂತು ಮಾಡೋ ಕೆಲಸೇನ್ರಿ ಖರೇನ? ಅವರಣ್ಣ ಇದೇ ಕೆಮ್ಮಿಗಿ ಹೋದ. ಪುಡಿ ಬಿಟ್ಟು ಹೊರಗ ಬಂದ್ರ ಈ ಮನುಷ್ಯ ನನಗ ಉಳಿತಾನ."

ಏನು ಪಣಕ್ಕಿತ್ತು ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ಅವಳು ಕೈ ಹಿಡಿದು ಹೇಳಿದ್ದಳು.

ಸಂಕ್ರಾಂತಿ ಕಳೆದ ಮೇಲಿನ ಒಂದು ದಿನ. ಸರ್ ಕಲ್ಲುಗಳ ಪರೀಕ್ಷೆಗೆಂದು ತಮ್ಮ ಸಂಸ್ಥೆಗೆ ಮುಂಚೆಯೇ ಹೋಗಿದ್ದರು. ಹನ್ನೊಂದನೇ ಪದರಿನ ಏಳು ಕಲ್ಲುಗಳನ್ನು ಗುರುತು ಮಾಡಿಸಿ ಸಂಜೆ ಐದರ ಗಾಡಿಗೆ ಪಾರ್ಸೆಲ್ ಹಾಕಬೇಕೆಂದು ನನಗೆ ಒಪ್ಪಿಸಿದ್ದರು. ಅದೇ ದಿನ ಬೆಳಿಗ್ಗೆ ನನ್ನ ಕಾನ್ವೆಂಟಿನ ಗೆಳತಿ ಗ್ರೇಸ್ ತಾಯಿಯ ಜೊತೆ ಬೊಂಬಾಯಿಗೆ ಹೋಗುವವಳು ವಾಡಿಯಲ್ಲಿ ಸಿಗುತ್ತೇನೆಂದು ಕಾಗದ ಬರೆದಿದ್ದಳು. ನಾನು ನನ್ನ ಒಂದೇ ಒಂದು ಶಿಫಾನ್ ಸೀರೆ ಉಟ್ಟೆ. ಎಂಟಕ್ಕೆ ಬರಬೇಕಾದ ಗಾಡಿ ಬಂದದ್ದು ಹನ್ನೆರಡೂವರೆಗೆ. ನಾಲ್ಕೂವರೆ ತಾಸು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತೆ. ಎದ್ದು ಖಣಿಗೆ ಹೋಗಿ ಬರಬಹುದಿತ್ತು. ಸೀರೆಗೆ ಪುಡಿ ಹತ್ತೀತೆಂದು ಹೋಗಲಿಲ್ಲ. ಗ್ರೇಸ್ ಕಿಟಕಿಯಿಂದ ಕೈ ಚಾಚಿದವಳು, "ನಿನ್ನ ಉಗುರಿಗೆ ಅದೇನೇ ಪೇಂಟು?" ಎಂದಳು. ಕಲ್ಲಿಗೆ ಹಚ್ಚುವ ಕೆಂಪು ಬಣ್ಣ. ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಪೇಂಟಿಂಗ್ ಮಾಡುತ್ತೇನೆ, ಹಾಬಿ ಎಂದೆ.

ಖಣಿ ಮುಟ್ಟಿದಾಗ ಎರಡು ಗಂಟೆ. ಏಳೂ ಕಲ್ಲು ಎದ್ದಿದ್ದವು. ಮಧ್ಯಾಹ್ನದ ಮೇಲೆ ಗುತ್ತಿಗೆದಾರನ ಆಳುಗಳು ಆ ಪದರು ಒಡೆಯಲು ಬರುವವರಿದ್ದರು. ನಾನು ಬರದ್ದನ್ನು ನೋಡಿ ನೋಡಿ, ಸರ್‌ಗೆ ಬೇಕಾದ ಕಲ್ಲು ಹಾಳಾದೀತೆಂದು ಸಾಬಣ್ಣ ಎಬ್ಬಿಸಿ, ತನ್ನ ರೂಢಿಯಂತೆ ದಂಡೆಯಿಂದ ಈಚೆಗೆ, ದಕ್ಷಿಣದ ಕಡೆ ಉರುಳಿಸಿ ಬೋರಲು ಹಾಕಿದ್ದ. ಸಾಲಾಗಿ, ಅಚ್ಚುಕಟ್ಟಾಗಿ, ಇದ್ದಿಲಿನಲ್ಲಿ ಒಂದು, ಎರಡು, ಮೂರು ಗೀಟು ಹಾಕಿ. ಉತ್ತರದ ತುದಿ ದಕ್ಷಿಣಕ್ಕೆ ಬಂದಿತ್ತು, ಹೊಟ್ಟೆ ಮೇಲೆ ಬಂದಿತ್ತು. ಒಂದೊಂದರ ಮೇಲೂ ಹಕ್ಕಿಯ ಹೆಜ್ಜೆ.

ಐದಕ್ಕೆ ಗಾಡಿ. ಸೀರೆಯ ನೆರಿಗೆ ಎತ್ತಿ ಹಿಡಿದು ಕೂತು, ಕಂಪಾಸು ಇಟ್ಟು ಬಾಣ ಬರೆಯತೊಡಗಿದೆ.

"ಬಾಯಿ," ಎಂದ ಸಾಬಣ್ಣ ಮೆಲ್ಲಗೆ, "ಇವು ಬೋರಲ..."

"ಗೊತ್ತದ. ಕಂಪಾಸ್ ನನ್ನ ಕೈಯಾಗದ, ನಿಮ್ಮ ಕೈಯಾಗಿಲ್ಲ. ನಿಮ್ಮ ಕೆಲಸ ನೀವು ನೋಡ್ಕೋರಿ."

ಅವನು ಹಿಂದೆ ಸರಿದು ನಿಂತ. ಓದಿದವಳು, ಏನೋ ಲೆಕ್ಕ ಇದ್ದೀತು ಎಂದುಕೊಂಡಿರಬೇಕು. ನೋಟ್‌ಬುಕ್ಕಿನಲ್ಲಿ ಏಳು ಸಾಲು ಬರೆದು ಏಳು ಸಲ "ಇನ್ ಸಿಟು" ಎಂದು ಹಾಕಿದೆ. ಆ ಹಕ್ಕಿಯ ಹೆಜ್ಜೆಗಳನ್ನು ಆಗ ನಾನು ಗಮನಿಸಲೇ ಇಲ್ಲ, ಗಡಿಬಿಡಿಯಲ್ಲಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ಮೂರು ವಾರದ ಮೇಲೆ ತಂತಿ ಬಂತು. ತಂತಿಯ ಹಿಂದೆಯೇ ಸರ್ ಬಂದರು, ಕೈಯಲ್ಲಿ ಪೇಡೆಯ ಡಬ್ಬಿ. ಹನ್ನೊಂದನೇ ಪದರು ಹೊರಳಿದೆ! ಮೇಲಿನ ಹತ್ತು, ಕೆಳಗಿನ ಎಂಟು, ಎಲ್ಲ ಒಂದು ದಿಕ್ಕು. ಇದೊಂದು ಮಾತ್ರ ನೇರ ತಿರುಗುಮುರುಗು. ಏಳಕ್ಕೆ ಏಳೂ. "ಮಲಗಿದವಳು ಮಗ್ಗಲು ಬದಲಿಸಿದ್ದನ್ನು ನಾವು ಹಿಡಿದೆವು, ಸುಲೋಚನಾ!" ಎಂದರು. ಭೀಮಬಾಯಿಯ ಮಾತನ್ನು ಅವರು ಮರೆತಿರಲಿಲ್ಲ. ಮೊದಲ ಪೇಡೆ ಅವಳಿಗೇ ಕೊಟ್ಟರು. "ನಾ ಅಂದಿದ್ದಿಲ್ಲೇನ್ರಿ?" ಎಂದು ಅವಳು ಇಡೀ ಖಣಿಗೆ ಕೇಳುವ ಹಾಗೆ ಕೂಗಿದಳು. ನಾನೂ ಪೇಡೆ ತಿಂದೆ. ನಿಜವಾಗಿಯೂ ಸಂತೋಷಪಟ್ಟೆ. ತಮ್ಮ ರಿಸರ್ಚ್ ಪೇಪರಿನ ಕೊನೆಯಲ್ಲಿ ನನ್ನ ಹೆಸರು ಬರುತ್ತದೆ ಎಂದಿದ್ದರು. ಗ್ರೇಸಿಗೆ ಅದನ್ನು ಕಾಗದದಲ್ಲಿ ಬರೆದೆ.

ಆಮೇಲೆ ಚಿತ್ತಾಪುರ. ಆಮೇಲೆ ಸೇಡಂ. ಅದೇ ಪದರಿನ ಅಣ್ಣತಮ್ಮಂದಿರನ್ನು ಹುಡುಕುತ್ತ ಬಸ್ಸಿನಲ್ಲಿ, ಬಾಡಿಗೆ ಜೀಪಿನಲ್ಲಿ ಅಲೆದೆವು. ಮಳಖೇಡದ ಕೋಟೆಯ ಕೆಳಗೆ ಕಾಗಿಣಾ ನದಿಯ ದಂಡೆಯಲ್ಲಿ ಸರ್ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದೊಂದು ಪದರನ್ನೂ ಎಣಿಸಿದರು. ಪೆಟ್ಟಿಗೆ ಪೆಟ್ಟಿಗೆ ಕಲ್ಲು ಹೋದವು. ಎಲ್ಲಿಯೂ ಹೊರಳಾಟ ಸಿಗಲಿಲ್ಲ. ಬಿಸಿಲು ಏರುತ್ತ ಹೋಯಿತು. ಸರ್ ಊಟ ಬಿಟ್ಟರು. ಮೊದಲು ತಮ್ಮ ಮೆಷಿನ್ನನ್ನು ಅನುಮಾನಿಸಿದರು, ಆಮೇಲೆ ತಮ್ಮ ಲೆಕ್ಕವನ್ನು. ಕೊನೆಗೆ ವಾಡಿಗೇ ಮರಳಿ, ಹನ್ನೊಂದನೇ ಪದರಿನ ಉಳಿದ ಅಂಚಿನಲ್ಲಿ ತಾವೇ ಬಾಣ ಬರೆದು ಕಲ್ಲು ಒಯ್ದರು.

ಯುಗಾದಿ ಹತ್ತಿರ ಬಂದಾಗ ತಿರುಗಿ ಬಂದರು. ಪೇಡೆ ಇರಲಿಲ್ಲ. ಹಳೆಯ ಏಳು ಕಲ್ಲುಗಳ ಪೆಟ್ಟಿಗೆ ಇತ್ತು. ಒಂದೊಂದರ ಮೂಲೆಯಿಂದ ಪರೀಕ್ಷೆಗೆ ಒಂದೊಂದು ತುಂಡು ಕೊಯ್ದಿದ್ದರು. ಉಳಿದದ್ದು ಹಾಗೇ ಇತ್ತು, ನನ್ನ ಕೆಂಪು ಬಾಣದ ಸಮೇತ. ಬೇವಿನ ಮರದ ಕೆಳಗೆ ಸಾಲಾಗಿ ಇಟ್ಟರು. ಹೊಸ ಕಲ್ಲುಗಳೆಲ್ಲ ಉತ್ತರವನ್ನೇ ತೋರಿಸಿದ್ದವು.

ಬಾಣದ ಪಕ್ಕದಲ್ಲೇ ಹಕ್ಕಿಯ ಹೆಜ್ಜೆ ಇತ್ತು. ಸರ್ ಅದನ್ನು ಏನೋ ಖಣಿಯ ಲೆಕ್ಕದ ಗುರುತು ಎಂದುಕೊಂಡಿದ್ದರು. ಅದರ ಅರ್ಥ ಅಲ್ಲಿದ್ದವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ಎತ್ತುವ ಮೊದಲೇ ಬಾಣ ಹಾಕಿದ್ದೆ ತಾನೆ?" ಎಂದರು ಸರ್, ಇಂಗ್ಲಿಷಿನಲ್ಲಿ.

"ಯೆಸ್ ಸರ್. ನೋಟ್‌ಬುಕ್ಕಿನಲ್ಲಿದೆ."

ಅಷ್ಟು ಬೇಗ ಬಂತು ಆ ಮಾತು. ಯೋಚಿಸುವುದಕ್ಕೂ ಮೊದಲು.

ಸರ್ ಸಾಬಣ್ಣನ ಕಡೆ ನೋಡಿದರು. ಭೀಮಬಾಯಿ ಆಗಷ್ಟೇ ಬುಟ್ಟಿ ಹೊತ್ತು ಬಂದು ಅವನ ಹಿಂದೆ ನಿಂತಿದ್ದಳು. ಆಮೇಲೆ ನನಗೆ ಹೇಳಿದರು, "ಅವನನ್ನು ಕೇಳು. ನೀನು ಗುರುತು ಹಾಕುವ ಮೊದಲು ಕಲ್ಲು ತಿರುಗಿಸಿದ್ದನೇ ಎಂದು ಕೇಳು."

ನಾನು ಸಾಬಣ್ಣನ ಕಡೆ ತಿರುಗಿದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕೈ ಕಟ್ಟಿ ನಿಂತಿದ್ದ.

"ಸಾಬಣ್ಣ, ನೀವು ಈ ಕಲ್ಲು ಬೋರಲ ಹಾಕಿದ್ರೇನು, ಸಾಹೇಬ್ರು ಕೇಳಾಕತ್ತಾರ."

"ಹೌದ್ರಿ ಬಾಯಿ, ಹಾಕೀನಿ. ನಾವು ಯಾವತ್ತೂ ಬೋರಲ ಹಾಕ್ತೀವಲ್ರಿ."

"ಏನೆನ್ನುತ್ತಾನೆ?"

"ಹೌದು, ತಿರುಗಿಸಿದ್ದೇನೆ ಎನ್ನುತ್ತಾನೆ, ಸರ್."

ಅಷ್ಟೇ. ಸರ್ ಕೇಳಿದ ಪ್ರಶ್ನೆಯಿಂದ "ನೀನು ಗುರುತು ಹಾಕುವ ಮೊದಲು" ಎಂಬುದನ್ನು ತೆಗೆದುಬಿಟ್ಟೆ. ಉತ್ತರವನ್ನು ಮಾತ್ರ ಒಂದಕ್ಷರ ಬಿಡದೆ ಅನುವಾದಿಸಿದೆ. ಸರ್‌ಗೆ ಕೇಳಿಸಿದ್ದು ಇಷ್ಟು: ಈ ಮನುಷ್ಯ ಕಲ್ಲನ್ನು ಮೊದಲೇ ತಿರುಗಿಸಿಟ್ಟು, ಹುಡುಗಿಗೆ ಹೇಳದೆ, ಅವಳಿಂದ ಸುಳ್ಳು ಬಾಣ ಬರೆಸಿದ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಬಹುಶಃ ಬಾಯಿ ಬಿಡುತ್ತಿದ್ದೆ. ಹ್ಯಾಟು ತೆಗೆದು ಹಣೆ ಒರೆಸಿಕೊಂಡು, "ಅವನ ತಪ್ಪಲ್ಲ, ನಂಬಿದ್ದು ನನ್ನ ತಪ್ಪು," ಎಂದರು. "ಆ ಪತ್ರ ಇದೆಯಲ್ಲ, ಕಳಿಸಬೇಡ."

ಸಾಬಣ್ಣ ನನ್ನ ಮುಖ ನೋಡಿದ. "ಏನಂದ್ರು ಬಾಯಿ ಸಾಹೇಬ್ರು? ಎಲ್ಲ ಬರೋಬ್ಬರಿ ಅದ?"

"ಬರೋಬ್ಬರಿ ಅದ," ಎಂದೆ.

ನಾಲ್ಕು ದಿನ ಬಿಟ್ಟು ಭೀಮಬಾಯಿ ಕ್ವಾರ್ಟರ್ಸಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲ ಹೊರಗೆ ನಿಂತಳು. ಸರ್‌ಗೆ ಮೋಸ ಮಾಡಿದ ಎಂಬ ಮಾತು ಗುತ್ತಿಗೆದಾರನ ಕಿವಿಗೆ ಬಿದ್ದು, ಸಾಬಣ್ಣನನ್ನು ಹಾಸುಗಲ್ಲಿನ ಕೆಲಸದಿಂದ ತೆಗೆದು ಸುಣ್ಣದ ಭಟ್ಟಿಗೆ ಚೂರುಗಲ್ಲು ಒಡೆಯಲು ಹಚ್ಚಿದ್ದರು. ಇಡೀ ಖಣಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಪುಡಿ ಇರುವ ಜಾಗ.

"ಸಾಹೇಬ್ರು ಏನ ಕೇಳಿದ್ರು, ನೀವು ಏನ ಕೇಳಿದ್ರಿ ಬಾಯಿ?" ಎಂದಳು.

ಕುಡಿಯಲು ನೀರು ತರುತ್ತೇನೆಂದು ನಾನು ಒಳಗೆ ತಿರುಗಿದೆ.

"ಅವರು ಕೇಳಿದ್ದು ಉದ್ದ ಇತ್ತು. ನೀವು ಕೇಳಿದ್ದು ಗಿಡ್ಡ ಇತ್ತು. ನನಗ ಇಂಗ್ಲಿಷ್ ತಿಳೀದು. ಮಾರಿ ತಿಳಿತದ."

ಗುತ್ತಿಗೆದಾರನಿಗೆ ನಾನು ಹೇಳುತ್ತೇನೆ, ಅಪ್ಪನ ಕೈಲಿ ಹೇಳಿಸುತ್ತೇನೆ ಎಂದು ಏನೇನೋ ತೊದಲಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹೇಳ್ರಿ," ಎಂದಳು. "ಜಲ್ದಿ ಹೇಳ್ರಿ."

ನಾನು ಹೇಳಲಿಲ್ಲ. ಇವತ್ತು ನಾಳೆ ಎನ್ನುವುದರಲ್ಲಿ ಬೇಸಿಗೆ ಮುಗಿಯಿತು. ಚಿಂಚೋಳಿಗೆ ನಾವು ಹೋಗಲೇ ಇಲ್ಲ. ಹೋಗುವ ಮುನ್ನ ಸರ್ ರಿಪೋರ್ಟು ಹೇಳಿ ಬರೆಸಿದರು. ಅದರಲ್ಲಿ ಒಂದು ಸಾಲು, ಹನ್ನೊಂದನೇ ಪದರಿನ ಏಳು ಸ್ಯಾಂಪಲ್ಲುಗಳನ್ನು "ಮಿಸ್‌ಹ್ಯಾಂಡ್ಲಿಂಗ್ ಬೈ ಲೇಬರ್" ಕಾರಣದಿಂದ ಕೈಬಿಡಲಾಗಿದೆ ಎಂದು. ನಾನು ಆ ಸಾಲನ್ನೂ ಟೈಪ್ ಮಾಡಿದೆ. ಸ್ಪೆಲ್ಲಿಂಗ್ ತಪ್ಪಿಲ್ಲದೆ. ಕನ್ನಡಕದ ಹಿಂದೆ ಸರ್ ಕಣ್ಣು ಕೆಂಪಾಗಿದ್ದವು. ಏಳು ಕಲ್ಲುಗಳನ್ನು ಮರದ ಕೆಳಗೇ ಬಿಟ್ಟು ಹೋದರು. ಅದರಲ್ಲಿ ಮೂರನೆಯದನ್ನು ನಾನು ಮನೆಗೆ ತಂದೆ. ಯಾಕೆ ತಂದೆ ಎಂದು ಅಪ್ಪ ಕೇಳಿದಾಗ, ಸವೆನಿರ್ ಎಂದೆ.

ನಾಲ್ಕೈದು ವರ್ಷದ ಮೇಲೆ, ಆಗ ನಾನು ಕಲಬುರಗಿಯ ಹೈಸ್ಕೂಲಿನಲ್ಲಿ ಟೀಚರ್, ಶಹಾಬಾದ್ ಸ್ಟೇಷನ್ನಿನಲ್ಲಿ ಯಾರೋ "ಬಾಯಿ" ಎಂದು ಕರೆದರು. ಗುರುತು ಹತ್ತಲಿಲ್ಲ. ಎರಡು ಸಲ ಕೆಮ್ಮಿದ ಮೇಲೆ ಹತ್ತಿತು. ಸಾಬಣ್ಣ ಅರ್ಧಕ್ಕೆ ಇಳಿದಿದ್ದ.

"ಆರಾಮ ಇದ್ದೀರೇನ್ರಿ? ಸಾಹೇಬ್ರು ಹ್ಯಾಂಗದಾರ? ಭೂಮಿ ಹೊಳ್ಳಿದ್ದು ಸಿಕ್ತೇನ್ರಿ ಅವರಿಗಿ?"

"ಇಲ್ಲ, ಸಾಬಣ್ಣ. ಇಲ್ಲಿ ಸಿಗಲಿಲ್ಲ."

"ಆ ದಿನ ನಾ ಬೋರಲ ಹಾಕಬಾರದಿತ್ತು ಅನಸ್ತದ್ರಿ. ಭಾಳ ಸಲ ವಿಚಾರ ಮಾಡೀನಿ. ನಿಮ್ಮ ಹಾದಿ ಇನ್ನೊಂದು ತಾಸು ನೋಡಬೇಕಿತ್ತು. ಪಾಪ, ಸಾಹೇಬ್ರ ಮಾರಿ ಸಣ್ಣಾಗಿತ್ತು."

ಗಾಡಿ ಬಂತು. ನಾನು ಹತ್ತಿದೆ. ಕಿಟಕಿಯಲ್ಲಿ ಕೂತು ಕೈ ಮಾಡಿದೆ ಕೂಡ. ಎರಡು ಮಳೆಗಾಲ ಕಳೆದ ಮೇಲೆ ಅಪ್ಪ ಕಾಗದದ ಕೊನೆಯಲ್ಲಿ ಬರೆದಿದ್ದರು, ನಿನ್ನ ಸಾಬಣ್ಣ ಹೋದನಂತೆ ಎಂದು. ಭೀಮಬಾಯಿ ಊರು ಬಿಟ್ಟು ಎತ್ತ ಹೋದಳೆಂದು ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ನಾನು ಮಕ್ಕಳಿಗೆ ಟ್ರಾನ್ಸ್‌ಲೇಶನ್ ಕಲಿಸಿದೆ. ವಾಕ್ಯದಲ್ಲಿ 'ಮೊದಲು' 'ಆಮೇಲೆ' ಬಿಟ್ಟವರಿಗೆ ಪೂರ್ತಿ ಮಾರ್ಕು ಕಳೆಯುತ್ತಿದ್ದೆ. ಮಿಸ್ ಭಾಳ ಸ್ಟ್ರಿಕ್ಟು ಎನ್ನುತ್ತಿದ್ದರು.

ಈಗ ಸಮುದ್ರತಳದ ಕೆಸರನ್ನು ಓದಿ ಭೂಮಿ ಯಾವಾಗೆಲ್ಲ ಹೊರಳಿತೆಂದು ಒಳ್ಳೆಯ ಪಟ್ಟಿಯನ್ನೇ ಮಾಡಿದ್ದಾರೆ. ಪತ್ರಿಕೆಯಲ್ಲಿ ಅಂಥ ಕೆಸರಿನ ಕಂಬದ ಚಿತ್ರ ಬಂದರೆ ನಾನು ಪುಟ ತಿರುಗಿಸುತ್ತೇನೆ. ಆ ಕಣಗಳು ಮಲಗಿದ ದಿಕ್ಕನ್ನು ಲಕ್ಷಾಂತರ ವರ್ಷ ಬಿಡದೆ ಹಿಡಿದುಕೊಂಡಿರುತ್ತವಂತೆ. ನನ್ನಿಂದ ಒಂದು ಮಧ್ಯಾಹ್ನ ಆಗಲಿಲ್ಲ.

ನಿನ್ನೆ ಮೌಲಾಲಿ ವರಾಂಡ ಮುಗಿಸಿ ಹಿಂಬಾಗಿಲ ಹತ್ತಿರ ಬಂದ. ಬಾಗಿಲು ಬಡಿದುಕೊಳ್ಳದಂತೆ ಅಲ್ಲಿ ಒತ್ತಿಟ್ಟ ಕಲ್ಲನ್ನು ಸರಿಸಲು ಎತ್ತಿದವನು ಹಾಗೇ ಹಿಡಿದು ನೋಡಿದ. ಮೂಲೆ ಕೊಯ್ದ ಮೂರನೇ ನಂಬರಿನ ಕಲ್ಲು. ಕೆಂಪು ಬಣ್ಣ ಈಗ ಒಣಗಿದ ಕುಂಕುಮದ ಹಾಗಿದೆ.

"ಅಮ್ಮಾರೆ, ಇದು ಉಲ್ಟಾ ಇಟ್ಟೀರಲ್ರಿ? ಹೊಟ್ಟಿ ಮ್ಯಾಲಾಗ್ಯದ. ಸುಲ್ಟಾ ಮಾಡಿ ಇಡ್ಲೇನು?"

"ಬ್ಯಾಡ," ಎಂದೆ. ಸುಲ್ಟಾ ಮಾಡಿದರೆ ಬಾಣ ಕೆಳಗಾಗಿ ಮುಚ್ಚಿಹೋಗುತ್ತದೆ.

ಅವನು ಬಾಣದ ಮೇಲೆ ಬೆರಳು ಆಡಿಸಿದ. "ಯಾರೋ ತಿಳೀಲಾರದವ್ರು ಹೊಟ್ಟಿ ಮ್ಯಾಲ ಬರ್ದಾರ. ಯಾರ್ರಿ ಬರ್ದಿದ್ದು?"

ಈ ಐವತ್ತು ವರ್ಷಗಳಲ್ಲಿ ಎಷ್ಟೋ ಮಂದಿ ಆ ಕಲ್ಲನ್ನು ಎಡವಿದ್ದಾರೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ನಾನೇ ಬರ್ದಿದ್ದು."

ಮೌಲಾಲಿ ನಕ್ಕ. ತಮಾಷೆ ಎಂದುಕೊಂಡನೋ ಏನೋ. ಹೆಬ್ಬೆರಳಿನಿಂದ ಧೂಳು ಒರೆಸಿ, ಬಾಣದ ಪಕ್ಕದ ಎರಡು ಚಾಣದ ಏಟುಗಳನ್ನು ನನಗೆ ತೋರಿಸಿದ.

"ಇಲ್ಲೇ ಅದ ನೋಡ್ರಿ, ಹೊಟ್ಟಿ ಗುರ್ತು. ಎಷ್ಟು ಚೆಂದ ಹೊಡ್ದಾನ ಯಾವನೋ. ಬರಿಯೋ ಮುಂದ ಇದು ನೋಡ್ಲಿಲ್ಲೇನ್ರಿ ಅಮ್ಮಾರೆ?"

"ನೋಡಿದ್ದೆ," ಎಂದೆ.